ಅರಗಿನ ಕೆಳಗಿನ ಹಸಿರು ಅಂಚು

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಹೊನ್ನಾಳಿಯ ಬ್ಯಾಂಕಿನಲ್ಲಿ ಸಾಲಿನಲ್ಲಿ ನಿಂತಿದ್ದೆ. ಬದುಕಿದ್ದೇನೆ ಎಂದು ಸರ್ಕಾರಕ್ಕೆ ಬರೆದುಕೊಡುವ ಸಾಲು ಅದು. ಪಿಂಚಣಿದಾರರೆಲ್ಲ ವರ್ಷಕ್ಕೊಮ್ಮೆ ಈ ಪ್ರಮಾಣಪತ್ರ ಕೊಡಬೇಕು. ನನ್ನ ಮುಂದೆ ಇನ್ನೂ ನಾಲ್ಕು ಜನರಿದ್ದರು. ಫೋನ್ ಮಾಡಿದವಳು ಜಗಳೂರಿನ ಹನುಮಕ್ಕ.

"ಟೀಚರಮ್ಮ, ಸಾವ್ಕಾರ್ರು ಹೋಗಿಬಿಟ್ರು. ಬೆಳಿಗ್ಗೆ ಶೆಡ್ಡು ಸುತ್ತಿ ಬಂದು, ಚಾ ಕುಡಿದು ಕುಂತಿದ್ರಂತೆ. ಕುಂತಂಗೇ."

ನಾನು ಏನು ಹೇಳಿದೆ ಎಂಬುದು ನೆನಪಿಲ್ಲ. ಆದರೆ ಆ ಸಾಲಿನಲ್ಲಿ ನನ್ನನ್ನು ನೋಡಿದ್ದರೆ ಅವರು ಏನನ್ನುತ್ತಿದ್ದರು ಎಂಬುದು ಮಾತ್ರ ಸ್ಪಷ್ಟವಾಗಿ ಕೇಳಿಸಿತು: "ಎದ್ರಿಗೆ ನಿಂತೋಳ್ನ ನೋಡಿದ್ರೆ ಉಸಿರೈತೋ ಇಲ್ವೋ ಅಂತ ತಿಳಿಯಂಗಿಲ್ಲೇನು ಅವ್ರಿಗೆ? ಕಾಗದ ಬೇಕೇನು?"

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಹೆಸರಿರುವ ಒಂದು ಕಾಗದದ ಕೆಳಗೆ ನನ್ನ ಸಹಿ ಇದೆ. ಅಷ್ಟು ಸಾಕು.

ನಾನು ಜಗಳೂರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದೆ. ನನ್ನ ಯಜಮಾನರಿಗೆ ನ್ಯಾಮತಿಯಲ್ಲಿ ಕೆಲಸ, ತಾಯಿ ಸಾಸ್ವೆಹಳ್ಳಿಯಲ್ಲಿ. ಜಗಳೂರಿನಲ್ಲಿ ನಾನೊಬ್ಬಳೇ ಬಾಡಿಗೆಗೆ ಹಿಡಿದ ಮನೆಯ ಹಿತ್ತಲ ಗೋಡೆಗೆ ಸಾವ್ಕಾರರ ಈರುಳ್ಳಿ ಶೆಡ್ಡು ತಾಗಿಕೊಂಡಿತ್ತು. ಮನೆ ನೋಡಲು ಹೋದ ದಿನ ಮೊದಲು ಕಂಡದ್ದು ಶೆಡ್ಡಿನ ಮೇಲಿನ ಬೋರ್ಡು. ಆ ಕಸುಬಿನ ಬೇರೆಯವರೆಲ್ಲ 'ವರ್ತಕರು' ಎಂದೋ 'ಟ್ರೇಡರ್ಸ್' ಎಂದೋ ಬರೆಸಿಕೊಂಡಿದ್ದರು. ಇವರ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಎರಡೇ ಮಾತು: ಈರುಳ್ಳಿ ದಲ್ಲಾಳಿ.

"ಅದು ಬೈಗುಳ ಅಲ್ವಾ?" ಎಂದು ಪರಿಚಯವಾದ ಮೇಲೆ ಕೇಳಿದೆ.

"ಬೈಯೋರಿಗೆ ತ್ರಾಸಾಗಬಾರ್ದು ಅಂತ ನಾನೇ ಬರೆಸೀನಿ," ಎಂದರು.

ಸಣಕಲು ಮೈ. ಬಿಳಿ ಅಂಗಿಯ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಒಂದು ಮೊಂಡು ಚಾಕು. ಮಾತಾಡುವಾಗ ಕೈಯಲ್ಲಿ ಒಂದು ಈರುಳ್ಳಿ ಇರಲೇಬೇಕು. ಅದರ ಕುತ್ತಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಕುತ್ತಿಗೆ ಬಿಗಿಯಾಗಿ ಒಣಗಿದ್ದರೆ ಎರಡು ತಿಂಗಳು ತಡೆಯುತ್ತದೆ, ಮೆತ್ತಗಿದ್ದರೆ ವಾರ. ದಿನಕ್ಕೆ ಮೂರು ಸಲ ಶೆಡ್ಡಿನ ಒಳಗೆ ನಡೆದುಬರುತ್ತಿದ್ದರು. ನಡೆಯುವಾಗ ಕಣ್ಣು ಅರೆ ಮುಚ್ಚಿರುತ್ತಿತ್ತು, ಮೂಗು ಕೆಲಸ ಮಾಡುತ್ತಿತ್ತು. ಒಮ್ಮೆ ನನ್ನೆದುರೇ ಬಾಗಿಲಲ್ಲಿ ನಿಂತು, "ನಾಕನೇ ಅಂಕಣದಾಗೆ, ತಳದಾಗೆ, ಒಂದು ಕೆಟ್ಟೈತೆ," ಎಂದರು. ಆಳು ಅರ್ಧ ರಾಶಿ ಸರಿಸಿದ. ಕೆಟ್ಟದ್ದು ಒಂದಲ್ಲ, ಎರಡಿದ್ದವು. ಆ ಎರಡನೆಯದಕ್ಕಾಗಿ ಅವರು ದಿನವಿಡೀ ಬೇಸರದಲ್ಲಿದ್ದರು.

ಶೆಡ್ಡಿನ ಗೋಡೆ ಎಂದರೆ ಗಾಳಿ ಆಡುವಂತೆ ಸಂದಿ ಬಿಟ್ಟು ಕಟ್ಟಿದ ಬಿದಿರು. ಒಳಗೆ ಏಳು ಅಂಕಣ. ಏಳನೆಯದು ಅವರದು, ತಾವೇ ದುಡ್ಡು ಕೊಟ್ಟು ಕೊಂಡ ಈರುಳ್ಳಿ. ಮಿಕ್ಕ ಆರು ಸುತ್ತಲಿನ ಹಳ್ಳಿಯ ಆರು ಮನೆಯವರದು. ಸುಗ್ಗಿಯಲ್ಲಿ ಎಲ್ಲರೂ ಒಮ್ಮೆಗೇ ಮಾರಲು ಹೋದರೆ ಬೆಲೆ ಇರುವುದಿಲ್ಲ. ಆದ್ದರಿಂದ ಈ ಮನೆಯವರು ತಂದು ಇಲ್ಲಿ ಸುರಿದು, ಬೆಲೆ ಬಂದಾಗ ಅವರ ಕೈಯಿಂದ ಮಾರಿಸಿ, ಅವರಿಗೆ ಕಮಿಷನ್ ಕೊಡುತ್ತಿದ್ದರು. ಯಾವ ರಾಶಿ ಯಾರದು ಎಂಬುದಕ್ಕೆ ಚೀಟಿ ಇರಲಿಲ್ಲ. ಆ ಮನೆಯ ಹೆಂಗಸು ತನ್ನ ಹಳೆಯ ಸೀರೆಯ ಅಂಚನ್ನು ಗೇಣುದ್ದ ಹರಿದು ತನ್ನ ಅಂಕಣದ ಕಂಬಕ್ಕೆ ಕಟ್ಟುತ್ತಿದ್ದಳು. ಅಷ್ಟೇ ಗುರುತು. ವಾರಕ್ಕೊಮ್ಮೆ ಆ ಹೆಂಗಸರು ಬಂದು, ತಮ್ಮ ಅಂಚಿನ ಕೆಳಗೆ ಕುಳಿತು, ರಾಶಿ ತಿರುವಿ, ಕೊಳೆತದ್ದನ್ನು ಆರಿಸಿ ಹೋಗುತ್ತಿದ್ದರು. ಅಂಚು ಬಿಚ್ಚಿದರೆ ಮಾಲು ಹೋಯಿತು ಎಂದರ್ಥ.

ಆರರಲ್ಲಿ ಒಂದು ಅಂಗನವಾಡಿ ಕಾರ್ಯಕರ್ತೆಯ ಸಮವಸ್ತ್ರದ ಸೀರೆಯ ಅಂಚು. ಅದನ್ನು ತೋರಿಸಿ ಅವರು ಬಂದವರಿಗೆಲ್ಲ ಹೇಳುತ್ತಿದ್ದರು: "ನನ್ನ ಶೆಡ್ಡಿನಾಗೆ ಸರ್ಕಾರ ಉಪಯೋಗಕ್ಕೆ ಬಂದಿದ್ದು ಇಷ್ಟೇ ನೋಡ್ರಿ."

ಅವರ ಜೊತೆ ನಾನು ತುಂಬ ಜಗಳವಾಡಿದ್ದೇನೆ. ನನ್ನ ಓದು, ಸಂಬಳ, ಮನೆಗೆ ಬರುವ ಅಕ್ಕಿ, ಎಲ್ಲದರಲ್ಲೂ ಸರ್ಕಾರ ಇತ್ತು. ಕಾಪಾಡುವ ಕೈ ಎಂದೇ ನಾನು ನಂಬಿದ್ದೆ. ಅವರು ನಂಬಿದ್ದು ಬೇರೆ.

"ಬೆಲೆ ಅಂದ್ರೆ ಸುದ್ದಿ ಟೀಚರಮ್ಮ. ಈರುಳ್ಳಿ ಕಮ್ಮಿ ಐತೆ, ಹುಷಾರಾಗಿ ತಿನ್ರಿ, ಇದ್ದೋರು ಹೊರಗೆ ತೆಗೀರಿ ಅಂತ ಊರೂರಿಗೆ ಹೇಳೋ ಸುದ್ದಿ. ಅದನ್ನ ಇಳಿಸ್ತೀವಿ ಅಂತಾರಲ್ಲ, ಸುದ್ದಿ ಇಳಿಸಿದ್ರೆ ಈರುಳ್ಳಿ ಹುಟ್ತೈತೇನು?"

"ಬಡವರು ತಿನ್ನೋದು ಬೇಡವಾ?"

"ಬ್ಯಾಡ ಅಂದೋರು ಯಾರು? ಸುಗ್ಗೀಲಿ ಇದನ್ನ ರಸ್ತೆಗೆ ಸುರೀತಾರೆ. ಎರಡು ತಿಂಗ್ಳಾದ ಮ್ಯಾಲೆ ಹುಡುಕಿದ್ರೂ ಸಿಗಂಗಿಲ್ಲ. ಲಾರಿಯೋನು ಊರಿಂದ ಊರಿಗೆ ಹೊರ್ತಾನೆ, ನಾನು ತಿಂಗಳಿಂದ ತಿಂಗಳಿಗೆ ಹೊರ್ತೀನಿ. ಅವನಿಗೆ ಕೊಟ್ಟಿದ್ದಕ್ಕೆ ಬಾಡಿಗೆ ಅಂತಾರೆ. ನಂಗೆ ಮಾತ್ರ ಕಳ್ಳ ಅಂತಾರೆ."

ಒಮ್ಮೆ ನನ್ನ ಅಣ್ಣ ಬಂದಿದ್ದ. ಅವನಿಗೆ ಚನ್ನಗಿರಿಯ ಹತ್ತಿರ ಸ್ವಲ್ಪ ಅಡಿಕೆ ಇದೆ. ಹೊರದೇಶದ ಅಡಿಕೆ ಬರದಂತೆ ಸರ್ಕಾರ ತಡೆಯಬೇಕೆಂದು ಅವನು ಜೋರಾಗಿ ಹೇಳುತ್ತಿದ್ದ. ಅವರು ಈರುಳ್ಳಿಯ ಕುತ್ತಿಗೆ ಒತ್ತುತ್ತ ಪೂರ್ತಿ ಕೇಳಿದರು. "ನಿಮ್ಮ ಅಡಿಕೆಗೆ ಬಾಗ್ಲು ಹಾಕ್ರಿ ಅಂತ ನೀವು ಕೇಳ್ತೀರಿ. ನಮ್ಮ ಈರುಳ್ಳಿ ಹೊರಗೆ ಹೋಗಾಕೆ ಬಾಗ್ಲು ತೆಗೀರಿ ಅಂತ ನಮ್ಮೋರು ಕೇಳ್ತಾರೆ. ಬಾಗ್ಲು ಕಾಯೋನು ಇಬ್ರತ್ರನೂ ಚಾ ಕುಡೀತಾನೆ."

"ನಿಮ್ಮ ಹೊಟ್ಟೆಗೆ ಬಿದ್ರೆ ಗೊತ್ತಾಗುತ್ತೆ," ಎಂದ ಅಣ್ಣ.

"ಬಿದ್ದಾಗ ಬರ್ರಿ, ನೋಡಾಕೆ," ಎಂದರು ಅವರು.

ಆ ಮಾತು ಅವರು ಸುಮ್ಮನೆ ಆಡಿದ್ದಲ್ಲ. ಈರುಳ್ಳಿ ಶೆಡ್ಡಿಗೆ ಸಹಾಯಧನ ಕೊಡುತ್ತೇವೆ ಎಂದು ಅರ್ಜಿ ಹಿಡಿದು ಬಂದವರನ್ನು ಅವರು ವಾಪಸು ಕಳಿಸಿದ್ದನ್ನು ನಾನೇ ನೋಡಿದ್ದೆ. ಬಂದವರಿಗೆ ಆಶ್ಚರ್ಯ. ಪುಕ್ಕಟೆ ಬರುವುದನ್ನು ಯಾರಾದರೂ ಬೇಡ ಅಂದದ್ದನ್ನು ಅವರು ಕಂಡಿರಲಿಲ್ಲ. "ಪುಕ್ಕಟೆ ಅಲ್ರಿ. ಈ ವರ್ಷ ನನ್ನ ಗೋಡೆ ಮ್ಯಾಲೆ ನಿಮ್ಮ ಬೋರ್ಡು ಹೊಡೀತೀರಿ. ಮುಂದಿನ ವರ್ಷ ಗೋಡೆ ಒಳಗೆ ಏನೈತೆ ಅಂತ ಕೇಳ್ತೀರಿ."

ಮೆತ್ತನೆಯ ಮನುಷ್ಯರೇನಲ್ಲ. ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು ಮಕ್ಕಳ ಹೆಸರು ಹೇಳಿ ದರ ಕಡಿಮೆ ಮಾಡಿ ಎಂದಾಗ ಒಂದು ರೂಪಾಯಿಯೂ ಇಳಿಸಲಿಲ್ಲ. ಅವಳು ಗೊಣಗುತ್ತ ಹೊರಟಾಗ ಒಂದು ಬುಟ್ಟಿ ತುಂಬಿಸಿ ತಲೆಗೆ ಹೊರಿಸಿದರು. "ಕೊಡೋದು ನನ್ನಿಷ್ಟ, ತಗಂಡು ಹೋಗು. ದರ ಮಾತ್ರ ಇಳಿಸಂಗಿಲ್ಲ. ದರ ಇಳಿಸಿದ್ರೆ ಊರಿಗೆ ಸುಳ್ಳು ಹೇಳ್ದಂಗಾಗ್ತೈತೆ." ಅವಳು ಆ ಬುಟ್ಟಿ ಹೊತ್ತೇ ಅವರನ್ನು ಬೈಯುತ್ತ ಬಂದಳು.

ಈಗ ಆ ದಿನದ ಮಾತು. ಇದನ್ನು ನಿಧಾನವಾಗಿ ಬರೆಯಬೇಕು.

ಆ ವರ್ಷ ಮಳೆ ಹೆಚ್ಚಾಗಿ ಬೇರೆ ಕಡೆ ಬೆಳೆ ಹೋಗಿತ್ತು. ಈರುಳ್ಳಿ ಬೆಲೆ ಏರಿತು. ವ್ಯಾಪಾರಿಗಳು ಇಷ್ಟಕ್ಕಿಂತ ಹೆಚ್ಚು ಈರುಳ್ಳಿ ಇಟ್ಟುಕೊಳ್ಳಬಾರದು ಎಂದು ಆದೇಶವಾಯಿತು. ರೈತರಿಗೆ ಆ ಮಿತಿ ಇರಲಿಲ್ಲ. ಸಾವ್ಕಾರರ ಸ್ವಂತದ್ದು, ಏಳನೆಯ ಅಂಕಣದ್ದು, ಮಿತಿಯ ಒಳಗೇ ಇತ್ತು.

ಬೆಳಿಗ್ಗೆ ಒಂಬತ್ತೂವರೆ ದಾಟಿತ್ತು. ನಾನು ಶಾಲೆಗೆ ಹೊರಟು ಬೀಗ ಹಾಕುತ್ತಿದ್ದೆ. ಶೆಡ್ಡಿನ ಮುಂದೆ ಜೀಪು ನಿಂತಿತ್ತು. ತಪಾಸಣೆಗೆ ಬಂದ ಅಧಿಕಾರಿ ನನ್ನ ಕೈಯಲ್ಲಿದ್ದ ಹಾಜರಿ ಪುಸ್ತಕ ನೋಡಿ, "ಮೇಡಂ, ನೀವು ಸರ್ಕಾರಿ ನೌಕರರು ತಾನೆ? ಪಂಚರಾಗಿ ಒಂದು ಸಹಿ ಬೇಕಿತ್ತು, ಎರಡು ನಿಮಿಷ," ಎಂದರು. ಇಂಥ ಕಡೆ ಏನು ಸಿಕ್ಕಿತು, ಹೇಗೆ ಸಿಕ್ಕಿತು ಎಂದು ಬರೆಯುವ ಕಾಗದಕ್ಕೆ ಮಹಜರು ಎನ್ನುತ್ತಾರೆ. ಕಂಡದ್ದಕ್ಕೆ ಸಾಕ್ಷಿಯಾಗಿ ಸಹಿ ಹಾಕುವವರು ಪಂಚರು.

ನಾನು ಸಾವ್ಕಾರರ ಮುಖ ನೋಡಿದೆ. ಅವರು, "ಬರ್ರಿ ಟೀಚರಮ್ಮ. ಎಲ್ಲಾ ನೋಡ್ರಿ. ನೋಡಿದ್ದಕ್ಕೆ ಹಾಕ್ರಿ," ಎಂದರು.

ಒಳಗೆ ಹೋದೆವು. ಬಿದಿರಿನ ಸಂದಿಯಿಂದ ಬಿಸಿಲು ಪಟ್ಟೆಪಟ್ಟೆಯಾಗಿ ರಾಶಿಗಳ ಮೇಲೆ ಬಿದ್ದಿತ್ತು. ಅಧಿಕಾರಿ ಬಾಗಿಲ ಪಕ್ಕದ ಕಂಬದ ಮುಂದೆ ನಿಂತರು.

"ಇದೇನ್ರಿ, ಚಿಂದಿ ಕಟ್ಟೀರಿ?"

"ಚಿಂದಿ ಅಲ್ಲ ಸಾಹೇಬ್ರೆ, ಹಕ್ಕುಪತ್ರ."

ಬರೆದುಕೊಳ್ಳುತ್ತಿದ್ದ ಸಹಾಯಕ ನಕ್ಕ. ಅಧಿಕಾರಿ ನಗಲಿಲ್ಲ. "ತಮಾಷೆ ಬೇಡ. ಇದು ರೈತರ ಮಾಲು ಅನ್ನೋಕೆ ಕಾಗದ ಏನೈತೆ?"

"ಕಾಗದ ಇಲ್ರಿ. ಹೇಳಿ ಕಳಿಸ್ರಿ, ಆರೂ ಮನೆಯೋರು ಬರ್ತಾರೆ. ಅಂಚು ಇಲ್ಲೈತೆ, ಸೀರೆ ಅವರ ಮನ್ಯಾಗೈತೆ. ಜೋಡಿಸಿ ನೋಡ್ರಿ."

"ನಾವು ಸೀರೆ ಅಂಗಡಿ ತಪಾಸಣೆಗೆ ಬಂದಿಲ್ಲ."

ಆ ಅಧಿಕಾರಿ ಕೆಟ್ಟವರೆಂದು ನಾನು ಹೇಳುವುದಿಲ್ಲ. ನಿದ್ದೆ ಇಲ್ಲದ ಮುಖವಾಗಿತ್ತು. ಸಂಜೆಯೊಳಗೆ ವರದಿ ಕಳಿಸಬೇಕೆಂದು ಎರಡು ಸಲ ಫೋನಿನಲ್ಲಿ ಯಾರಿಗೋ ಹೇಳಿದರು. ಅದನ್ನು ಕೇಳಿದ್ದೇನೆ. ಏಳೂ ಅಂಕಣ ಒಬ್ಬರದೇ ಎಂದುಕೊಂಡರೆ ವರದಿ ಆಗುತ್ತದೆ, ಏಳು ಜನರದು ಎಂದರೆ ಆಗುವುದಿಲ್ಲ. ಇದು ನನಗೆ ಆಮೇಲೆ ಹೊಳೆದದ್ದು.

ಶಾಲೆಯ ಗಂಟೆ ಕೇಳಿಸಿತು. ಅವತ್ತು ಹತ್ತನೆಯ ತರಗತಿಗೆ ಕಿರುಪರೀಕ್ಷೆ, ಪ್ರಶ್ನೆಪತ್ರಿಕೆಗಳು ನನ್ನ ಚೀಲದಲ್ಲಿದ್ದವು. ನಾನು ಗಡಿಯಾರ ನೋಡಿಕೊಂಡದ್ದನ್ನು ಸಹಾಯಕ ಗಮನಿಸಿದ. ಒಂದು ಖಾಲಿ ಹಾಳೆ ಚಾಚಿ, "ಕೆಳಗೆ ಸಹಿ ಹಾಕಿ ಹೋಗ್ರಿ ಮೇಡಂ, ಮೇಲಿಂದು ಬರ್ಕೊಂತೀವಿ," ಎಂದ.

ಸಹಿ ಹಾಕಿದೆ. ಹಾಜರಿ, ಸಂಬಳದ ಪಟ್ಟಿ, ಬಿಸಿಯೂಟದ ಲೆಕ್ಕ, ಸಭೆಯ ನಡಾವಳಿ, ಎಲ್ಲದಕ್ಕೂ ಹೀಗೆಯೇ ಹಾಕಿ ಕೈಗೆ ರೂಢಿಯಾಗಿತ್ತು. ನಮ್ಮಂಥವರು ಮಾಡುವ ತಪ್ಪೇ ಇದು. ಪೆನ್ನಿನ ಮುಚ್ಚಳ ಹಾಕುವಾಗ ಅವರು ನನ್ನನ್ನು ನೋಡುತ್ತಿದ್ದರು. ಕೈಯಲ್ಲಿದ್ದ ಈರುಳ್ಳಿಯನ್ನು ಒತ್ತುವುದು ಮಾತ್ರ ನಿಂತಿತ್ತು.

ಇನ್ನೂ ಒಂದನ್ನು ನೋಡಿದೆ. ನಾನು ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಬಾಗಿಲು ಮುಚ್ಚಿ ಬೀಗ ಹಾಕಲು ಹೊರಟರು. ಬೀಗದ ಮೇಲೆ ಬಟ್ಟೆ ಸುತ್ತಿ ಅರಗು ಹಾಕಿ ಮುದ್ರೆ ಒತ್ತಬೇಕು. ಬಟ್ಟೆ ತಂದಿರಲಿಲ್ಲ. ಸಹಾಯಕ ಬಾಗಿಲು ಅರ್ಧ ತೆರೆದು, ಒಳಗೆ ಕೈ ಹಾಕಿ, ಬಾಗಿಲ ಪಕ್ಕದ ಕಂಬದ ಅಂಚನ್ನು ಕಿತ್ತು ತಂದ. ಹಸಿರು ಬಣ್ಣ, ಮಾವಿನಕಾಯಿ ಚಿತ್ರ. ಆ ಆರು ಹೆಂಗಸರಲ್ಲಿ ಒಬ್ಬಳಾದ ಹನುಮಕ್ಕನದು. ಬೀಗ ಹಾಕಿ, ಅದನ್ನೇ ಬೀಗಕ್ಕೆ ಸುತ್ತಿದ. ಕೆಂಪು ಅರಗು ಅದರ ಮೇಲೆ ಹರಿಯಿತು. ಬಿದಿರಿನ ಸಂದಿಯಿಂದ ಯಾರೂ ಈರುಳ್ಳಿ ತೆಗೆಯದಿರಲಿ ಎಂದು ಸುತ್ತ ಟಾರ್ಪಾಲು ಬಿಗಿದರು.

ಗಾಳಿ ನಿಂತ ಈರುಳ್ಳಿಗೆ ಏನಾಗುತ್ತದೆಂದು ನಾನು ಮಕ್ಕಳಿಗೆ ಪಾಠ ಹೇಳಬಲ್ಲೆ. ಗೋಡೆಯ ಈಚೆ ಕುಳಿತು ಮೂಸುವುದು ಬೇರೆ. ಆರನೆಯ ದಿನ ಸಿಹಿಯಾದ ವಾಸನೆ ಬಂತು. ಹತ್ತನೆಯ ದಿನ ನನಗೆ ಅಡುಗೆಮನೆಯಲ್ಲಿ ನಿಲ್ಲಲಾಗಲಿಲ್ಲ. ಪತ್ರಿಕೆಯಲ್ಲಿ 'ಅಕ್ರಮ ದಾಸ್ತಾನು ಪತ್ತೆ' ಎಂದು ಬಂದಿತ್ತು. ಅದರಲ್ಲಿ ಪಂಚರ ಸಮಕ್ಷಮ ಎಂಬ ಮಾತೂ ಇತ್ತು. ಅದು ನಾನು.

ಅವರು ದಿನಾ ಬೆಳಿಗ್ಗೆ ಸೀಲು ಹಾಕಿದ ಬಾಗಿಲ ಮುಂದೆ ಕುರ್ಚಿ ಹಾಕಿ ಕುಳಿತು, ಬಂದವರಿಗೆಲ್ಲ ಆ ದಿನದ ಈರುಳ್ಳಿ ದರ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. "ನಿನ್ನೆಗಿಂತ ಮ್ಯಾಲೆ ಹೋಗೈತೆ ನೋಡ್ರಪ್ಪ. ದರ ಇಳಿಸಾಕೆ ಈರುಳ್ಳಿ ಕೊಳೆಸ್ತಾ ಇದಾರೆ. ಟೀಚರಮ್ಮ, ನೀವು ವಿಜ್ಞಾನದೋರು, ಇದು ಯಾವ ಲೆಕ್ಕ?"

ನಾನು ಚೀಲ ಹೆಗಲಿಗೇರಿಸಿಕೊಂಡು ಶಾಲೆಯ ದಾರಿ ಹಿಡಿಯುತ್ತಿದ್ದೆ.

ಹೆಂಗಸರು ಬಂದು ಬೀದಿಯಲ್ಲಿ ಕೂರುತ್ತಿದ್ದರು. ಹನುಮಕ್ಕನ ಮಗಳಿಗೆ ದಾವಣಗೆರೆಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಫೀಸು ಆ ರಾಶಿಯಿಂದಲೇ ಬರಬೇಕಿತ್ತು, ತಿಂಗಳ ಕೊನೆಗೆ ಗಡುವು. ನನ್ನನ್ನು ನೋಡಿ ಅವಳು ಪಕ್ಕದವಳಿಗೆ ಕೇಳುವಂತೆ, "ನಮ್ಮ ಟೀಚರಮ್ಮನ ಸಹಿ ಬಾಳ ಚೆಂದ ಐತಂತೆ ಕಣೆ. ಗೀಟು ಹಾಕ್ದಂಗೆ ಬೀಳ್ತೈತಂತೆ," ಎಂದಳು. ನಾನು ನನ್ನ ಮನೆಯ ಬೀಗ ತೆಗೆದು ಒಳಗೆ ಹೋದೆ. ಬಹಳ ಹೊತ್ತು ಚೀಲವನ್ನು ಹೆಗಲಿನಿಂದ ಇಳಿಸಲಿಲ್ಲ.

ಅಧಿಕಾರಿಗಳು ಸಾವ್ಕಾರರಿಗೆ ಒಂದು ದಾರಿ ತೋರಿಸಿದ್ದರು. ಎಲ್ಲ ನನ್ನದೇ ಎಂದು ಒಪ್ಪಿ ದಂಡ ಕಟ್ಟಿದರೆ ಮಿತಿಯ ಒಳಗಿನದ್ದನ್ನು ಬಿಟ್ಟುಕೊಡುತ್ತೇವೆ, ಮಿಕ್ಕದ್ದನ್ನು ಸರ್ಕಾರದ ದರಕ್ಕೆ ಮಾರಿ ಹಣ ಜಮಾ ಮಾಡಿಕೊಳ್ಳುತ್ತೇವೆ ಎಂದು. ಹೆಂಗಸರಿಗೆ ತಿಳಿದದ್ದು ಬಾಗಿಲು ತೆರೆಯುತ್ತದೆ ಎಂಬುದಷ್ಟೇ.

"ದಂಡ ಕಟ್ಟಿ ಬಾಗ್ಲು ತೆಗೆಸ್ರಿ ಸಾವ್ಕಾರ್ರೆ," ಎಂದಳು ಹನುಮಕ್ಕ. "ನಿಮ್ಮ ಹಟಕ್ಕೆ ನಮ್ಮ ಈರುಳ್ಳಿ ಯಾಕೆ ಕೊಳೀಬೇಕು?"

"ದಂಡ ಕಟ್ಟಿದ್ರೆ ಈರುಳ್ಳಿ ನಂದಾಗ್ತೈತಕ್ಕ. ನಿಂದಲ್ಲ ಅಂತ ನಾನೇ ಬರ್ಕೊಟ್ಟಂಗೆ. ಅವರು ಮಾರಿದ ದುಡ್ನಾಗೆ ನಿಂಗೊಂದು ಕಾಸೂ ಬರಂಗಿಲ್ಲ. ನಂಗೆ ಕಳ್ಳ ಅಂದ್ರೆ ಅನ್ಲಿ, ಬೋರ್ಡಿನ ಪಕ್ಕ ಅದನ್ನೂ ಬರೆಸ್ತೀನಿ. ನಿನ್ನ ಮಾಲು ನನ್ನ ಹೆಸರಿಗೆ ಬರ್ಕೊಳ್ಳಾಕೆ ಮಾತ್ರ ನಾನು ಒಪ್ಪಂಗಿಲ್ಲ."

ಅವಳು ಅಳಲಿಲ್ಲ. ಬೀಗಕ್ಕೆ ಸುತ್ತಿದ್ದ ತನ್ನ ಅಂಚನ್ನೇ ನೋಡುತ್ತ ನಿಂತಳು. ನಾನು ನನ್ನ ಕಿಟಕಿಯಿಂದ ಅವಳನ್ನು ನೋಡುತ್ತಿದ್ದೆ. ಆ ಬಟ್ಟೆ ಎಲ್ಲಿಂದ ಬಂತು ಎಂದು ಹೇಳಬಲ್ಲ ಸರ್ಕಾರಿ ಸಾಕ್ಷಿ ನಾನೊಬ್ಬಳೇ ಎಂಬುದು ಆಗ ತಿಳಿಯಿತು.

ವಿಚಾರಣೆ ಹತ್ತೊಂಬತ್ತನೆಯ ದಿನಕ್ಕೆ ಇತ್ತು. ಹಿಂದಿನ ದಿನ ಶಾಲೆಗೆ ಸಹಾಯಕ ಬಂದ. ನಾಳೆ ಬಂದು ಸಹಿ ನನ್ನದೇ ಎಂದರೆ ಸಾಕು ಎಂದ. ಹೊರಡುವಾಗ, "ಹೊನ್ನಾಳಿ ಕಡೆಗೆ ವರ್ಗಾವಣೆ ಕೇಳೀರಂತಲ್ಲ ಮೇಡಂ? ಅಮ್ಮನಿಗೆ ಹುಷಾರಿಲ್ಲ ಅಂತ ಕೇಳಿದೆ," ಎಂದ. ಬೆದರಿಕೆ ಎಂದು ಹೇಳಲಾರೆ. ಬಹಳ ಮೃದುವಾಗಿ ಕೇಳಿದ. ಅಮ್ಮ ಹಾಸಿಗೆ ಹಿಡಿದು ಎಂಟು ತಿಂಗಳಾಗಿತ್ತು.

ಸಂಜೆ ಸಾವ್ಕಾರರ ಬಳಿ ಹೋದೆ. ಏನು ಹೇಳಲಿ ಎಂದು ಕೇಳಲು ಹೋಗಿದ್ದೆ. ಅವರು ಹೇಳಲಿಲ್ಲ. "ನಿಮ್ಮ ಬಾಯಿಗೆ ನಾನು ದರ ಕಟ್ಟಾಕೆ ಬರಂಗಿಲ್ಲ ಟೀಚರಮ್ಮ. ನಿಮ್ಮದು ನಿಮ್ಮದೇ," ಎಂದು ಚಾ ತರಿಸಿದರು. ಆ ಮಾತು ಆಗ ನನಗೆ ಕಲ್ಲಿನಂತೆ ತಾಗಿತು. ಯಾರಾದರೂ ಒತ್ತಾಯ ಮಾಡಿದ್ದರೆ ಹಗುರವಾಗುತ್ತಿತ್ತು.

ವಿಚಾರಣೆಯ ಕೋಣೆ ಚಿಕ್ಕದು. ಮೇಲಧಿಕಾರಿಯೊಬ್ಬರು ಮಹಜರನ್ನು ನನ್ನ ಮುಂದೆ ಹಿಡಿದರು. ಏಳೂ ಅಂಕಣದ ಮಾಲು ಒಬ್ಬರದೇ ಎಂದು ಅದರಲ್ಲಿ ಬರೆದಿತ್ತು.

"ಈ ಸಹಿ ನಿಮ್ಮದಾ?"

"ನನ್ನದೇ ಸರ್."

"ಬರೆದದ್ದು ನಿಜವಾ?"

"ನಾನು ಸಹಿ ಹಾಕುವಾಗ ಇದರಲ್ಲಿ ಏನೂ ಬರೆದಿರಲಿಲ್ಲ ಸರ್."

ಅವರು ಕನ್ನಡಕ ತೆಗೆದರು. "ಖಾಲಿ ಹಾಳೆಗೆ ಸಹಿ ಹಾಕಿದ್ರಾ? ಮಕ್ಕಳಿಗೆ ಪಾಠ ಹೇಳುವವರು?"

"ಹೌದು ಸರ್. ಅದು ನನ್ನ ತಪ್ಪು. ಅದನ್ನೂ ಬರೆದುಕೊಳ್ಳಿ."

"ಓದದೆ ಸಹಿ ಹಾಕಿದವರ ಮಾತನ್ನು ಈಗ ನಾವು ಯಾಕೆ ನಂಬಬೇಕು?"

"ನಂಬಬೇಡಿ ಸರ್. ಹೋಗಿ ನೋಡಿ. ಮಹಜರಿನಲ್ಲಿ ಇಲ್ಲದ್ದನ್ನು ಹೇಳುತ್ತೇನೆ. ಏಳನೆಯ ಅಂಕಣಕ್ಕೆ ಏನೂ ಕಟ್ಟಿಲ್ಲ. ಮಿಕ್ಕ ಆರಕ್ಕೂ ಸೀರೆಯ ಅಂಚು ಕಟ್ಟಿತ್ತು. ಒಳಗಿನಿಂದ ಬರುತ್ತ ಮೊದಲನೆಯದು ಇಳಕಲ್ ಸೀರೆಯ ಕೆಂಪು. ಎರಡನೆಯದು ನೀಲಿ, ಬಿಳಿ ಚುಕ್ಕಿ. ಮೂರನೆಯದು ಅಂಗನವಾಡಿಯ ಸಮವಸ್ತ್ರದ್ದು. ನಾಲ್ಕನೆಯದು ಜರಿ ಸವೆದ ಹಳದಿ. ಐದು, ನೇರಳೆ. ಆರನೆಯದು ಹಸಿರು, ಮಾವಿನಕಾಯಿ ಚಿತ್ರ. ಅದು ಈಗ ಕಂಬದಲ್ಲಿ ಸಿಗುವುದಿಲ್ಲ. ನಿಮ್ಮ ಸೀಲಿನ ಕೆಳಗಿದೆ. ಅಂಚುಗಳೇ ಇರಲಿಲ್ಲ ಅನ್ನುವುದಾದರೆ, ಸೀಲಿನ ಬಟ್ಟೆ ಎಲ್ಲಿಂದ ಬಂತು ಎಂದು ಕೇಳಿ."

ತಪಾಸಣೆಗೆ ಬಂದಿದ್ದ ಅಧಿಕಾರಿ ಸಹಾಯಕನ ಕಡೆ ನೋಡಿದರು, ಸಹಾಯಕ ಕಿಟಕಿಯ ಕಡೆ ನೋಡಿದ. ಮೂಲೆಯ ಬೆಂಚಿನಲ್ಲಿದ್ದ ಹನುಮಕ್ಕ ಎದ್ದು ನಿಂತು ತನ್ನ ಪ್ಲಾಸ್ಟಿಕ್ ಚೀಲದಿಂದ ಒಂದು ಹಳೆಯ ಹಸಿರು ಸೀರೆ ತೆಗೆದಳು. ಅದನ್ನು ತರಲು ಅವಳಿಗೆ ಯಾರೂ ಹೇಳಿರಲಿಲ್ಲ.

"ಬರ್ರಿ ಸಾಹೇಬ್ರೆ, ಜೋಡಿಸಿ ನೋಡಾನ," ಎಂದಳು.

ಮೇಲಧಿಕಾರಿ ಬಂದರು. ಇದನ್ನು ಅವರ ಪರವಾಗಿ ಹೇಳಲೇಬೇಕು. ಮಧ್ಯಾಹ್ನ ಬಿಸಿಲಿನಲ್ಲಿ ಬಾಗಿಲ ಮುಂದೆ ನಿಂತು, ಅರಗು ಒಡೆಸಿ, ಬಟ್ಟೆ ಬಿಚ್ಚಿಸಿದರು. ಅರಗು ಅಂಟಿದ್ದ ಕಡೆ ಹಸಿರು ಕಪ್ಪಾಗಿತ್ತು. ಹನುಮಕ್ಕ ಸೀರೆಯ ಹರಿದ ಕಡೆಗೆ ಅದನ್ನು ಹಿಡಿದಳು. ಅರ್ಧ ಮಾವಿನಕಾಯಿ ಸೀರೆಯಲ್ಲಿತ್ತು, ಮಿಕ್ಕ ಅರ್ಧ ಬಟ್ಟೆಯಲ್ಲಿತ್ತು.

ಬಾಗಿಲು ತೆರೆದಾಗ ಬಂದ ವಾಸನೆಗೆ ಜೀಪಿನ ಡ್ರೈವರ್ ಕೂಡ ದೂರ ಸರಿದ. ಸಾವ್ಕಾರರು ಒಬ್ಬರೇ ಕಣ್ಣು ಅರೆ ಮುಚ್ಚಿಕೊಂಡು ಒಳಗೆ ನಡೆದುಹೋದರು, ದಿನಾ ಹೋಗುವಂತೆ. ಮಿಕ್ಕ ಐದು ಅಂಚುಗಳು ಕಂಬಗಳಲ್ಲೇ ಇದ್ದವು.

ಆರು ರಾಶಿಗಳನ್ನು ರೈತರದೆಂದು ಬಿಟ್ಟುಕೊಟ್ಟರು. ಹೆಚ್ಚುಕಡಿಮೆ ಅರ್ಧ ಕೊಳೆತಿತ್ತು. ಅದಕ್ಕೆ ಯಾರೂ ಹೊಣೆಯಾಗಲಿಲ್ಲ. ಆದೇಶದಲ್ಲಿ ಅದರ ಮಾತೇ ಇರಲಿಲ್ಲ. ಅವರು ತಮ್ಮ ಏಳನೆಯ ಅಂಕಣದಲ್ಲಿ ಒಳ್ಳೆಯದಾಗಿ ಉಳಿದದ್ದನ್ನೆಲ್ಲ ಆರೂ ಮನೆಗೆ ಹಂಚಿದರು. ದಾನವಾ ಎಂದು ಕೇಳಿದೆ. ರೇಗಿದರು. "ದಾನ ಯಾಕಾಗ್ತೈತೆ? ನೋಡ್ಕೊಂತೀನಿ ಅಂತ ಮಾತು ಕೊಟ್ಟೋನು ನಾನು. ಸೀಲು ಹಾಕಿದೋರು ಕೊಟ್ಟಿರಲಿಲ್ಲ." ಹನುಮಕ್ಕನ ಮಗಳು ಈಗ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ನರ್ಸು.

ನನ್ನ ವರ್ಗಾವಣೆ ಮೂರು ವರ್ಷ ತಡವಾಗಿ ಬಂತು. ಅಮ್ಮ ಎರಡನೆಯ ವರ್ಷವೇ ಹೋಗಿದ್ದಳು. ಅದಕ್ಕೂ ಇದಕ್ಕೂ ಸಂಬಂಧ ಇದೆ ಎಂದು ನಾನು ಹೇಳುವುದಿಲ್ಲ. ಅದನ್ನು ನಾನು ನೋಡಿಲ್ಲ.

ಅವರು ನನಗೆ ಒಂದು ಸಲವೂ ಉಪಕಾರವಾಯಿತು ಎಂದು ಹೇಳಲಿಲ್ಲ. ವಿಚಾರಣೆಯ ಮರುದಿನ ಗೋಡೆಯ ಆಚೆಯಿಂದ ಕೂಗಿ ಕರೆದರು.

"ಟೀಚರಮ್ಮ, ಒಂದು ತಪ್ಪು ಹೇಳಿದ್ರಿ."

"ಏನು?"

"ಐದನೇದು ನೇರಳೆ ಅಲ್ರಿ. ಬದನೆಕಾಯಿ ಬಣ್ಣ. ಆಯಮ್ಮ ನನ್ನ ಹತ್ರ ಬಂದು ಜಗಳ ಮಾಡ್ತಾ ಐದಾಳೆ."

ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಅವರು ಹೇಳಿದ್ದೆಲ್ಲ ಸರಿ ಎಂದು ಈಗಲೂ ಒಪ್ಪಲಾರೆ. ನಾನು ಕಲಿಸಿದ ಮಕ್ಕಳಲ್ಲಿ ಅರ್ಧದಷ್ಟು ಜನ ಸರ್ಕಾರಿ ಶಾಲೆ ಇಲ್ಲದಿದ್ದರೆ ಅಕ್ಷರ ಕಾಣುತ್ತಿರಲಿಲ್ಲ. ಅದನ್ನು ಹೇಳಿದಾಗಲೆಲ್ಲ ಅವರು, "ಇರ್ಲಿ, ಅದೊಂದು ಇರ್ಲಿ," ಎಂದು ಚೌಕಾಸಿ ಮಾಡುವವರಂತೆ ಕೈ ಆಡಿಸುತ್ತಿದ್ದರು. ಆದರೆ ಒಂದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಮೂಗಾರೆ ಮೂಸಿದ್ದೇನೆ. ಆರು ಹೆಂಗಸರು ಮತ್ತು ಒಬ್ಬ ದಲ್ಲಾಳಿ ಗೇಣುದ್ದ ಬಟ್ಟೆಯ ನಂಬಿಕೆಯ ಮೇಲೆ ಈರುಳ್ಳಿಯನ್ನು ತಿಂಗಳುಗಟ್ಟಲೆ ಕೆಡದಂತೆ ಕಾಯ್ದಿದ್ದರು. ಜನರಿಗೆ ಈರುಳ್ಳಿ ಸಿಗಲಿ ಎಂದು ಹೊರಡಿಸಿದ ಆದೇಶ ಹತ್ತೊಂಬತ್ತು ದಿನದಲ್ಲಿ ಅದರಲ್ಲಿ ಅರ್ಧವನ್ನು ಗೊಬ್ಬರ ಮಾಡಿತು. ಅದಕ್ಕೆ ಬೇಕಾದದ್ದು ಕೆಟ್ಟ ಮನುಷ್ಯರಲ್ಲ. ಒಂದು ಮುದ್ರೆ, ಮತ್ತು ಗಡಿಯಾರ ನೋಡಿಕೊಳ್ಳುವ ಒಬ್ಬ ಪಂಚ.

ಬ್ಯಾಂಕಿನಲ್ಲಿ ನನ್ನ ಸರದಿ ಬಂತು. ಕೌಂಟರಿನ ಹುಡುಗಿ ಒಂದು ಫಾರಂ ನನ್ನ ಕಡೆ ತಳ್ಳಿದಳು. ಮೇಲಿನ ಗೆರೆಗಳೆಲ್ಲ ಖಾಲಿ. ಕೆಳಗೆ ಪೆನ್ಸಿಲಿನಲ್ಲಿ ಒಂದು ಗುಣಾಕಾರದ ಗುರುತು.

"ಇಲ್ಲಿ ಸಹಿ ಮಾಡ್ರಿ ಆಂಟಿ. ಮೇಲಿಂದು ಆಮೇಲೆ ನಾವು ತುಂಬ್ಕೊಂತೀವಿ."

"ಈಗ ತುಂಬಮ್ಮ," ಎಂದೆ.

"ರಷ್ ಐತೆ ಆಂಟಿ. ಎಲ್ರೂ ಹಂಗೇ ಮಾಡಿ ಹೋಗ್ತಾರೆ."

"ಗೊತ್ತು. ನಾನೂ ಹಂಗೇ ಮಾಡಿದ್ದೆ, ಒಂದು ಸಲ."

ಹಿಂದೆ ನಿಂತವರೊಬ್ಬರು, "ಜಲ್ದಿ ಮುಗಿಸ್ರಿ ತಾಯಿ, ಬಸ್ಸು ಹೋಗ್ತೈತೆ," ಎಂದರು. ಜಗಳೂರಿಗೆ ಹೋಗಲು ನಾನೂ ಬಸ್ಸು ಹಿಡಿಯಬೇಕಿತ್ತು. ಮಣ್ಣು ಮಾಡುವುದು ಸಂಜೆಗಂತೆ. ನಾನು ಪೆನ್ನಿನ ಮುಚ್ಚಳ ತೆಗೆಯದೆ ನಿಂತೆ. ಹುಡುಗಿ ಒಂದು ನಿಟ್ಟುಸಿರು ಬಿಟ್ಟು ಬರೆಯತೊಡಗಿದಳು, ನನ್ನ ಹೆಸರು, ಹುಟ್ಟಿದ ದಿನ, ಇಂದು ನಾನು ಜೀವಂತ ಇದ್ದೇನೆ ಎಂಬ ಮಾತು. ಫಾರಂ ತಿರುಗಿಸಿ ಕೊಟ್ಟಳು. ಪ್ರತಿ ಗೆರೆಯ ಕೆಳಗೂ ಬೆರಳಿಟ್ಟು ಓದಿದೆ. ಆಮೇಲೆ ಸಹಿ ಹಾಕಿದೆ.